ಕುಂಕುಮದ ಭರಣಿಯೂ ಸುವರ್ಣ ಅನುಪಾತವೂ

ನಮ್ಮ ಮನೆಯ ದೇವರ ಗೂಡಿನಲ್ಲಿ ಒಂದು ಕುಂಕುಮದ ಭರಣಿ ಇದೆ. ನಡುಮನೆಯ ಕಪಾಟಿನ ಮೇಲೆ ಒಂದು ಹೂದಾನಿ ಇದೆ. ಎರಡೂ ಹಾಲೆ ಮರದವು, ಎರಡೂ ಚನ್ನಪಟ್ಟಣದ ಕಡೆ ಲೇತಿನಲ್ಲಿ ಕಡೆದವು, ಎರಡಕ್ಕೂ ಅರಗಿನ ಬಣ್ಣ. ಹೂದಾನಿ ಲೆಕ್ಕಾಚಾರ ಮಾಡಿ, ಕಾಗದದ ಮೇಲೆ ನಕ್ಷೆ ಬರೆದು ಮಾಡಿಸಿದ್ದು. ಭರಣಿ ಯಾವ ನಕ್ಷೆಯೂ ಇಲ್ಲದೆ ಒಬ್ಬ ಹೆಂಗಸು ಕಡೆದದ್ದು. ಹಿಂದೊಮ್ಮೆ ಈ ಎರಡರ ನಡುವೆ ತೀರ್ಪು ಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಂದು ನಾನು ಕೊಟ್ಟ ತೀರ್ಪನ್ನು ಈಗ ನಾನೇ ವಿಮರ್ಶೆಗೆ ಒಡ್ಡಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮರ ಕಡೆಯುವ ಕೆಲಸ ನಮಗೆ, ಹೆಂಗಸರಿಗೆ, ದೂರದ್ದೇನಲ್ಲ. ‘ಕಡೆಯುವುದು’ ಎಂಬ ಮಾತನ್ನೇ ನೋಡಿ. ಮೊಸರನ್ನೂ ಕಡೆಯುತ್ತೇವೆ, ಮರವನ್ನೂ ಕಡೆಯುತ್ತಾರೆ. ಎರಡೂ ಕಡೆ ಒಂದು ತಿರುಗುತ್ತದೆ, ಇನ್ನೊಂದು ರೂಪ ತಾಳುತ್ತದೆ. ನಮ್ಮ ಲಟ್ಟಣಿಗೆ, ಕಡಗೋಲು, ತೊಟ್ಟಿಲಿನ ಕಾಲು, ಮಗುವಿನ ಗಿಲಕಿ, ಬುಗುರಿ, ಮಂಚದ ಗುಬ್ಬಿ ಎಲ್ಲವೂ ಹೀಗೆ ಕಡೆದವೇ. ಬೆಂಗಳೂರಿನಿಂದ ಮೈಸೂರಿನ ಹಾದಿಯಲ್ಲಿ ಸುಮಾರು 60 ಕಿಲೋಮೀಟರು ಹೋದರೆ ಸಿಗುವ ಚನ್ನಪಟ್ಟಣದಲ್ಲಿ ಈ ಕೆಲಸ ಇಂದಿಗೂ ಮನೆಮನೆಯ ಮಾತು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ಒಣಗಿದ ಗರಿಯಿಂದ ಉಜ್ಜಿದರೆ ಕನ್ನಡಿಯಂಥ ಹೊಳಪು. ಅಲ್ಲಿನ ಲೇತುಗಳ ಮುಂದೆ ಕುಳಿತವರಲ್ಲಿ ಹೆಂಗಸರೂ ಇದ್ದಾರೆ.

ಇನ್ನು ಸುವರ್ಣ ಅನುಪಾತ. ನಾನು ಕಲಿಸುವುದು ಕನ್ನಡ ಮತ್ತು ಸಮಾಜ. ಆದರೆ ಸರಕಾರಿ ಶಾಲೆಯಲ್ಲಿ ಗಣಿತದ ಮಾಸ್ತರರು ರಜೆ ಹಾಕಿದರೆ ಯಾರ ತರಗತಿ ಯಾರ ಕೊರಳಿಗೆ ಬೀಳುತ್ತದೆಂದು ಹೇಳಲಾಗದು. ಹಾಗೆ ಒಂದು ವರ್ಷ ನಾನೊಂದು ತರಬೇತಿ ಶಿಬಿರಕ್ಕೆ ಹೋದೆ. ಅಲ್ಲಿ ಈ ವಿಷಯ ಕೇಳಿ ಮರುಳಾದೆ. ವಿಷಯ ಬಲು ಸರಳ. ಒಂದು ಕೋಲನ್ನು ಎರಡು ತುಂಡು ಮಾಡಬೇಕು. ಇಡೀ ಕೋಲಿಗೂ ದೊಡ್ಡ ತುಂಡಿಗೂ ಇರುವ ಸಂಬಂಧವೇ ದೊಡ್ಡ ತುಂಡಿಗೂ ಸಣ್ಣ ತುಂಡಿಗೂ ಇರಬೇಕು. ಹತ್ತು ಅಂಗುಲದ ಕೋಲಾದರೆ ಸುಮಾರು 6.18 ಮತ್ತು 3.82 ಅಂಗುಲಕ್ಕೆ ಕತ್ತರಿಸಿದರೆ ಈ ಶರತ್ತು ಕೂಡಿಬರುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 1.618. ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಗ್ರೀಕರ ಯೂಕ್ಲಿಡ್ ಇದನ್ನು ತನ್ನ ರೇಖಾಗಣಿತದಲ್ಲಿ ಬರೆದಿಟ್ಟ. 1509ರಲ್ಲಿ ಇಟಲಿಯ ಲೂಕಾ ಪಾಚೋಲಿ ಇದಕ್ಕೆ ‘ದೈವಿಕ’ ಎಂಬ ವಿಶೇಷಣ ಕೊಟ್ಟು ಪುಸ್ತಕವನ್ನೇ ಅಚ್ಚು ಹಾಕಿಸಿದ. ಅದಕ್ಕೆ ಚಿತ್ರ ಬರೆದವನು ಲಿಯೊನಾರ್ಡೊ ಡ ವಿಂಚಿ.

ಶಿಬಿರದಲ್ಲಿ ಹಂಚಿದ ಹಾಳೆಯಲ್ಲಿ ಇನ್ನೂ ದೊಡ್ಡ ಮಾತುಗಳಿದ್ದವು. ಅಥೆನ್ಸಿನ ಪಾರ್ಥೆನಾನ್ ದೇವಾಲಯ ಇದೇ ಅಳತೆ, ಸಮುದ್ರದ ಚಿಪ್ಪು ಇದೇ ಅಳತೆ, ಸುಂದರವಾದ ಮುಖವೆಂದರೆ ಇದೇ ಅಳತೆ. ಪಾತ್ರೆ ಪರಡಿ ಕಡೆಯುವವರೂ ಇದನ್ನು ಅನುಸರಿಸಿದರೆ ಚೆಲುವು ತಾನಾಗಿ ಬರುತ್ತದೆ ಎಂದಿತ್ತು. ಇಂಗ್ಲೆಂಡ್, ಅಮೆರಿಕಗಳಲ್ಲಿ ಹವ್ಯಾಸಕ್ಕೆ ಮರ ಕಡೆಯುವವರು ಇದಕ್ಕೆಂದೇ ಮೂರು ಕಾಲಿನ ಕೈವಾರವನ್ನು ಇಟ್ಟುಕೊಂಡಿರುತ್ತಾರೆ. ಎಷ್ಟು ಅಗಲಿಸಿದರೂ ನಡುವಿನ ಕಾಲು ಸುವರ್ಣ ಬಿಂದುವಿನಲ್ಲೇ ನಿಲ್ಲುತ್ತದೆ. ನಾನೂ ರಟ್ಟು ಕತ್ತರಿಸಿ, ಟಿಚ್ಚುಗುಂಡಿ ಹಾಕಿ ಅಂಥದೊಂದನ್ನು ಮಾಡಿಕೊಂಡೆ. ಅಂದಿನಿಂದ ಕಂಡದ್ದನ್ನೆಲ್ಲ ಅಳೆಯುವ ಹುಚ್ಚು ಹಿಡಿಯಿತು. ಅಡುಗೆಮನೆಯ ಡಬ್ಬಿಗಳಿಂದ ಹಿಡಿದು ಯಜಮಾನರ ಮೂಗಿನವರೆಗೆ ಯಾವುದೂ ಉಳಿಯಲಿಲ್ಲವೆನ್ನಿ.

2014ರಲ್ಲಿ ನಮ್ಮ ಶಾಲೆಯಲ್ಲಿ ಕರಕುಶಲ ವಸ್ತುಗಳ ಪ್ರದರ್ಶನ ನಡೆಯಿತು. ನಾನು ಪಾಠ ಹೇಳಿದ ಮಕ್ಕಳ ಒಂದು ಗುಂಪು ಹೂದಾನಿಯ ನಕ್ಷೆ ಬರೆದು, ಪರಿಚಯದ ಕಡೆತದವರಿಂದ ಮಾಡಿಸಿ ತಂದಿತು. ಎತ್ತರ 26 ಸೆಂಟಿಮೀಟರು, ಹೊಟ್ಟೆಯ ಅಗಲ 16. ಭಾಗಿಸಿದರೆ 1.625. ಹೊಟ್ಟೆ ಅತಿ ಹೆಚ್ಚು ಉಬ್ಬುವ ಜಾಗವೂ ಕೆಳಗಿನಿಂದ 16 ಸೆಂಟಿಮೀಟರಿಗೆ, ಅಂದರೆ ಸುವರ್ಣ ಬಿಂದುವಿಗೇ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ತನ್ನ ತಾಯಿ ಕಡೆದ ಕುಂಕುಮದ ಭರಣಿಗೆ ತಾನೇ ಅರಗು ಹಚ್ಚಿ ತಂದಿದ್ದಳು. ಗಿಡ್ಡ, ಅಗಲ. ಒಟ್ಟು ಎತ್ತರ 9 ಸೆಂಟಿಮೀಟರು. ಅದರಲ್ಲಿ ಮುಚ್ಚಳವೇ 4. ನಾನು ರಟ್ಟಿನ ಕೈವಾರ ಇಟ್ಟು ನೋಡಿದೆ. ಯಾವ ಕಡೆಯಿಂದಲೂ ಹೊಂದಲಿಲ್ಲ. “ಬಣ್ಣ ಚೆನ್ನಾಗಿದೆ, ಆದರೆ ಅನುಪಾತ ತಪ್ಪು” ಎಂದು ಎಲ್ಲರೆದುರಿಗೆ ಹೇಳಿ, ಹತ್ತಕ್ಕೆ ನಾಲ್ಕು ಅಂಕ ಬರೆದೆ. ಹೂದಾನಿಗೆ ಮೊದಲ ಬಹುಮಾನ. ಆ ಹುಡುಗಿ ಏನೋ ಹೇಳಹೋಗಿ, ಹೇಳದೆ, ಭರಣಿಯನ್ನು ಸೆರಗಿನಂತೆ ಹೊದ್ದ ದುಪಟ್ಟದಲ್ಲಿ ಸುತ್ತಿಕೊಂಡು ಹೋದಳು.

ವರ್ಷದ ಕೊನೆಗೆ ಮಕ್ಕಳು ಹೂದಾನಿಯನ್ನು ನನಗೇ ಕಾಣಿಕೆ ಕೊಟ್ಟರು. ಒಂದೇ ಊರಿನಲ್ಲಿ ಭರಣಿಯೂ ಮಾರಾಟಕ್ಕೆ ಸಿಗುತ್ತಿತ್ತು. ಆ ತಾಯಿ ಕಡೆದದ್ದೆಂದು ತಿಳಿಯದೆಯೇ ಒಂದನ್ನು ಕೊಂಡು ತಂದೆ. ಮನೆಯಲ್ಲಿ ಎರಡೂ ಜೊತೆಗೆ ಬಾಳತೊಡಗಿದ ಮೇಲೆ ನನ್ನ ಪಾಠ ಶುರುವಾಯಿತು.

ಮೊದಲು ಹೂದಾನಿ. ಮೇಜಿನ ಮೇಲಿಟ್ಟು ದೂರ ನಿಂತು ನೋಡಿದರೆ ನೋಟಕ್ಕೆ ಚೆನ್ನಾಗಿಯೇ ಇದೆ, ಇಲ್ಲವೆನ್ನಲಾರೆ. ಆದರೆ ಹೊಟ್ಟೆಯ ಭಾರ ಮೇಲಕ್ಕಿದೆ, ಪಾದ ಚಿಕ್ಕದು. ಉದ್ದನೆಯ ಒಣಹೂವಿನ ಕಡ್ಡಿಗಳನ್ನು ಸಿಕ್ಕಿಸಿ ಫ್ಯಾನು ಹಾಕಿದರೆ ಓಲಾಡುತ್ತದೆ. ಎರಡು ಸಲ ಉರುಳಿ ಕಂಠದ ಅರಗು ಸಿಡಿದಿದೆ. ಈಗ ಒಳಗೆ ಒಂದು ಹಿಡಿ ಮರಳು ತುಂಬಿ ನಿಲ್ಲಿಸಿದ್ದೇನೆ.

ಭರಣಿಯ ಕತೆ ಬೇರೆ. ಬೆಳಿಗ್ಗೆ ಸ್ನಾನ ಮಾಡಿ ಬಂದು ಒದ್ದೆ ಕೈಯಲ್ಲಿ ಅದನ್ನು ತೆರೆಯುತ್ತೇನೆ. ಇನ್ನೊಂದು ಕೈಯಲ್ಲಿ ಹೂವಿನ ಬುಟ್ಟಿಯೋ ದೀಪದ ಬತ್ತಿಯೋ ಇರುತ್ತದೆ. ಮುಚ್ಚಳ ಗಿಡ್ಡವಾಗಿದ್ದರೆ ಒದ್ದೆ ಬೆರಳು ಜಾರುತ್ತಿತ್ತು. 4 ಸೆಂಟಿಮೀಟರು ಇರುವುದರಿಂದ ಮೂರು ಬೆರಳು ಪೂರ್ತಿ ಕೂರುತ್ತವೆ. ಮುಚ್ಚಳದ ಒಳ ಅಂಚು ಆಳವಾಗಿ ಕೆಳಗಿಳಿಯುವುದರಿಂದ ಭರಣಿ ಮಗುಚಿದರೂ ಕುಂಕುಮ ಚೆಲ್ಲುವುದಿಲ್ಲ. ಮಳೆಗಾಲದಲ್ಲಿ ಕುಂಕುಮ ಗಂಟು ಕಟ್ಟುವುದೂ ಕಡಿಮೆ. ತಳ ಅಗಲವಿರುವುದರಿಂದ ಇನ್ನೊಂದು ಕೈ ಹಿಡಿಯದೆಯೇ ತೆರೆಯಬಹುದು. ನಾನು ತಪ್ಪೆಂದು ಅಂಕ ಕಳೆದ ಒಂದೊಂದು ಸೆಂಟಿಮೀಟರಿಗೂ ಒಂದೊಂದು ಕಾರಣವಿತ್ತು.

ಇಷ್ಟಕ್ಕೇ ನಿಲ್ಲಿಸಿದರೆ, “ಉಪಯೋಗ ಬೇರೆ, ಅಂದ ಬೇರೆ” ಎಂದು ನೀವು ಹೇಳಬಹುದು. ಸರಿಯಾದ ಮಾತೇ. ಆದ್ದರಿಂದ ಅಂದದ ವಿಷಯಕ್ಕೇ ಬರುತ್ತೇನೆ. ಕಡೆದ ವಸ್ತುವಿನ ಅಂದವನ್ನು ಈ ಅನುಪಾತ ನಿಜವಾಗಿ ಅಳೆಯಬಲ್ಲದೆ? ನನಗೆ ಕಂಡ ತೊಡಕುಗಳು ಮೂರು.

ಮೊದಲನೆಯದು, ಎಲ್ಲಿಂದ ಎಲ್ಲಿಗೆ ಅಳೆಯಬೇಕು? ಕಿಟಕಿಗೆ ನಾಲ್ಕು ಮೂಲೆಗಳಿವೆ, ಅಳತೆ ಸುಲಭ. ಕಡೆದ ಭರಣಿಯದು ಒಂದೇ ಹರಿಯುವ ರೇಖೆ. ಮುಚ್ಚಳದ ಮೇಲಿನ ಗುಬ್ಬಿಯನ್ನು ಎತ್ತರಕ್ಕೆ ಸೇರಿಸಬೇಕೋ ಬೇಡವೋ? ಅಗಲವೆಂದರೆ ಹೊಟ್ಟೆಯೋ, ಬಾಯಿಯೋ, ಪಾದವೋ? ನನ್ನ ಅಡುಗೆಮನೆಯ ಲಟ್ಟಣಿಗೆಯನ್ನೇ ಐದು ರೀತಿಯಲ್ಲಿ ಅಳೆದು ನೋಡಿದೆ. ಐದರಲ್ಲಿ ಒಂದು 1.6ರ ಹತ್ತಿರ ಬಂತು. ಇಷ್ಟು ಆಯ್ಕೆಗಳಿದ್ದಾಗ ಯಾವುದಾದರೊಂದು ಹೊಂದದೆ ಇರುವುದೇ ಕಷ್ಟ. ಪಾರ್ಥೆನಾನಿನ ಕತೆಯೂ ಇದೇ ಎಂದು ಆಮೇಲೆ ಓದಿ ತಿಳಿದೆ. ಮೆಟ್ಟಿಲು ಸೇರಿಸಿ ಅಳೆದರೆ ಒಂದು, ಬಿಟ್ಟು ಅಳೆದರೆ ಇನ್ನೊಂದು. ಅದನ್ನು ಕಟ್ಟಿದವರು ಈ ಅನುಪಾತವನ್ನು ಬಳಸಿದರೆಂಬುದಕ್ಕೆ ಅವರ ಕಾಲದ ಬರಹದ ಆಧಾರವಿಲ್ಲ. ಜಾರ್ಜ್ ಮಾರ್ಕೋವ್ಸ್ಕಿ ಎಂಬ ಅಮೆರಿಕದ ಗಣಿತಜ್ಞರು 1992ರಲ್ಲೇ ಇಂಥ ನಂಬಿಕೆಗಳನ್ನೆಲ್ಲ ಒಂದೊಂದಾಗಿ ತೂರಿ ತೋರಿಸಿದ್ದಾರೆ. ನಮ್ಮ ಶಿಬಿರದ ಹಾಳೆಗೆ ಆ ಸುದ್ದಿ ಮುಟ್ಟಿರಲಿಲ್ಲ ಅಷ್ಟೆ.

ಎರಡನೆಯದು, ನಾವು ವಸ್ತುವನ್ನು ನೋಡುವ ರೀತಿ. ನಕ್ಷೆಯಲ್ಲಿ ಹೂದಾನಿಯನ್ನು ನೇರ ಪಕ್ಕದಿಂದ ಬರೆಯುತ್ತೇವೆ. ಮನೆಯಲ್ಲಿ ಹಾಗೆ ನೋಡುವವರು ಯಾರು, ಬೆಕ್ಕೊಂದನ್ನು ಬಿಟ್ಟು? ನಾವು ನಿಂತು ಮೇಲಿನಿಂದ ನೋಡುತ್ತೇವೆ. 30 ಡಿಗ್ರಿ ಬಗ್ಗಿ ನೋಡಿದರೆ 26 ಸೆಂಟಿಮೀಟರಿನ ಎತ್ತರ ಕಣ್ಣಿಗೆ 22.5ರಷ್ಟೇ ಕಾಣುತ್ತದೆ, ಅಗಲ ಮಾತ್ರ ಹಾಗೇ ಇರುತ್ತದೆ. 1.62 ಎಂದು ಬರೆದದ್ದು 1.4 ಆಯಿತು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮತ್ತೆ ಬೇರೆ. ಹಾಗಾದರೆ ನಾವು ಮೆಚ್ಚುತ್ತಿರುವುದು ಯಾವ ಸಂಖ್ಯೆಯನ್ನು?

ಮೂರನೆಯದು ಮರದ ಸ್ವಭಾವ. ಇದನ್ನು ನನಗೆ ಹೇಳಿಕೊಟ್ಟವರು ಕಡೆತದವರೇ. ಹಸಿ ಮರ ಒಣಗುವಾಗ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಅಡ್ಡಕ್ಕೆ ನೂರಕ್ಕೆ ನಾಲ್ಕು ಪಾಲು ಕುಗ್ಗಿತೆಂದು ಇಟ್ಟುಕೊಳ್ಳಿ, 1.62 ಇದ್ದದ್ದು 1.69 ಆಗಿಬಿಡುತ್ತದೆ. ಅದೂ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ವರ್ಷದ ಉಂಗುರಗಳ ಗುಂಟ ಹೆಚ್ಚು, ತಿರುಳಿನ ಕಡೆಗೆ ಕಡಿಮೆ. ದುಂಡಗಿದ್ದದ್ದು ತುಸು ಮೊಟ್ಟೆಯಾಕಾರ ತಾಳುತ್ತದೆ. ಚೆನ್ನಾಗಿ ಒಣಗಿಸಿದ ಮರವೂ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಇಳಿಯುತ್ತದೆ. ಉಸಿರಾಡುವ ವಸ್ತುವಿಗೆ ದಶಾಂಶದ ಮೂರನೆಯ ಸ್ಥಾನದವರೆಗೆ ಅಳತೆ ಹೇಳುವುದು, ಬೆಳೆಯುವ ಮಗುವಿಗೆ ಒಂದೇ ಲಂಗ ಹೊಲಿಸಿ ಜೀವಮಾನವೆಲ್ಲ ತೊಡು ಎಂದ ಹಾಗೆ.

ಹಾಗೆಂದು ಈ ಅನುಪಾತ ಬರೀ ಬೊಗಳೆ ಎಂದು ತಳ್ಳಿಹಾಕಿದರೆ ಅದೂ ಅನ್ಯಾಯ. ಜರ್ಮನಿಯ ಫೆಕ್ನರ್ ಎಂಬ ವಿದ್ವಾಂಸ ಜನರ ಮುಂದೆ ಹತ್ತು ಆಯತಗಳನ್ನಿಟ್ಟು ಯಾವುದು ಚೆಂದ ಎಂದು ಕೇಳಿ, ಫಲಿತಾಂಶವನ್ನು 1876ರಲ್ಲಿ ಪ್ರಕಟಿಸಿದ. ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಜನ ಸುವರ್ಣ ಆಯತವನ್ನೇ ಆರಿಸಿದರು. ಹತ್ತರಲ್ಲಿ ಒಂದಕ್ಕೆ ಇಷ್ಟು ಮತ ಬೀಳುವುದು ಸಣ್ಣ ಮಾತಲ್ಲ. ಆದರೆ ಉಳಿದ ಎರಡು ಪಾಲು ಜನ ಬೇರೆಯದನ್ನು ಆರಿಸಿದರಲ್ಲ, ಅವರಿಗೇನು ಕಣ್ಣಿರಲಿಲ್ಲವೆ? ಆಮೇಲೆ ಇದೇ ಪರೀಕ್ಷೆಯನ್ನು ಮತ್ತೆ ಮಾಡಿದವರೆಲ್ಲರಿಗೂ ಇದೇ ಉತ್ತರ ಸಿಗಲಿಲ್ಲ.

ನನ್ನ ಅನುಭವ ಹೇಳುವುದಾದರೆ, ಈ ಅನುಪಾತದಲ್ಲಿ ಒಂದು ಗೃಹಬುದ್ಧಿಯ ಮಾತಿದೆ. ಯಾವುದನ್ನೇ ಆಗಲಿ ಸರಿಯಾಗಿ ಅರ್ಧಕ್ಕೆ ಸೀಳಬೇಡ ಎನ್ನುತ್ತದೆ ಅದು. ಅರ್ಧರ್ಧವಾದರೆ ಎರಡು ಭಾಗಗಳೂ ಸಮಸಮ ನಿಂತು ಕಣ್ಣು ಯಾವುದರ ಕಡೆ ಹೋಗಬೇಕೆಂದು ತಿಳಿಯದೆ ಬಳಲುತ್ತದೆ. ಒಂದು ಹಿರಿದು, ಒಂದು ಕಿರಿದು ಇದ್ದರೆ ಕಿರಿದು ಹಿರಿದಕ್ಕೆ ಒಪ್ಪವಾಗುತ್ತದೆ. ಸೀರೆಯ ಒಡಲಿಗೆ ಅಂಚು ಇದ್ದ ಹಾಗೆ. ಒಡಲಿನಷ್ಟೇ ಅಗಲದ ಅಂಚನ್ನು ಯಾರು ಉಡುತ್ತಾರೆ? ಆದರೆ ಅದಕ್ಕೆ 1.618 ಆಗಬೇಕೆಂದಿಲ್ಲ. ಐದಕ್ಕೆ ಮೂರು, ಮೂರಕ್ಕೆ ಎರಡು ಇದ್ದರೂ ಆಯಿತು. ಒಳ್ಳೆಯ ಕಡೆತದವರು ಹೊಸಬರಿಗೆ ಬಟ್ಟಲಿನ ಪಾದವನ್ನು ಬಾಯಿಯ ಅಗಲದ ಮೂರನೇ ಒಂದು ಪಾಲಿನಿಂದ ಶುರುಮಾಡು ಎನ್ನುತ್ತಾರೆ. ಶುರುಮಾಡು ಎನ್ನುತ್ತಾರೆಯೇ ಹೊರತು ಅಲ್ಲಿಗೇ ನಿಲ್ಲು ಎನ್ನುವುದಿಲ್ಲ. ಆಮೇಲೆ ಉಳಿ ಹಿಡಿದ ಕೈ, ತಿರುಗುವ ಮರ, ನೋಡುವ ಕಣ್ಣು ಮೂರೂ ಸೇರಿ ತೀರ್ಮಾನಿಸುತ್ತವೆ.

ನಮ್ಮ ನಾಡಿನ ಹಳೆಯ ಕಸುಬುದಾರರೂ ಅಳತೆ ಬಲ್ಲವರೇ. ಬೇಲೂರಿಗೆ ಮಕ್ಕಳನ್ನು ಪ್ರವಾಸ ಕರೆದೊಯ್ದಾಗ ಆ ಕಡೆದ ಕಂಬಗಳ ಮುಂದೆ ನಾನು ಯಾವಾಗಲೂ ಸ್ವಲ್ಪ ಹೊತ್ತು ಹೆಚ್ಚೇ ನಿಲ್ಲುತ್ತೇನೆ. ಕಲ್ಲನ್ನು ಮರದಂತೆ ತಿರುಗಿಸಿ ಕಡೆದವರು ಅವರು. ನಮ್ಮ ಶಿಲ್ಪಶಾಸ್ತ್ರದಲ್ಲಿ ವಿಗ್ರಹಗಳಿಗೆ ತಾಳಮಾನವಿದೆ. ಮುಖದ ಉದ್ದ ಒಂದು ತಾಳ, ತಾಳಕ್ಕೆ ಹನ್ನೆರಡು ಅಂಗುಲ, ನವತಾಳವೆಂದರೆ 108 ಅಂಗುಲ. ಎಲ್ಲವೂ ಪೂರ್ಣ ಸಂಖ್ಯೆಗಳು. ಅಂಗೈ ಚಾಚಿ, ಬೆರಳು ಎಣಿಸಿ ಹೇಳಬಹುದಾದ ಲೆಕ್ಕ. ಅಂಥ ಕಡೆಯೂ ಯಾರೋ ಹೋಗಿ 1.618 ಹುಡುಕಿ ತೆಗೆದೆವೆಂದು ಸಂಭ್ರಮಿಸಿದರೆ, ಅದು ಶಿಲ್ಪಿಗೆ ಸಲ್ಲಿಸುವ ಗೌರವವೆಂದು ನನಗನಿಸುವುದಿಲ್ಲ. ಅವನಿಗೆ ಅವನದೇ ಲೆಕ್ಕವಿತ್ತು.

ಈ ಸಂಖ್ಯೆ ನಿಜವಾಗಿ ತಾನೇ ತಾನಾಗಿ ಬರುವ ಜಾಗವೊಂದನ್ನು ಕನ್ನಡದ ಮೇಷ್ಟ್ರಾಗಿ ನಾನು ಹೇಳಲೇಬೇಕು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಒಂದು ಮಾತ್ರೆಯನ್ನು ಒಂದೇ ರೀತಿ ತುಂಬಬಹುದು. ಎರಡು ಮಾತ್ರೆಯನ್ನು ಎರಡು ರೀತಿ, ಮೂರನ್ನು ಮೂರು ರೀತಿ, ನಾಲ್ಕನ್ನು ಐದು ರೀತಿ, ಐದನ್ನು ಎಂಟು ರೀತಿ. ಬೇಕಾದರೆ ಕಾಗದದ ಮೇಲೆ ಲಘು ಗುರು ಹಾಕಿ ಎಣಿಸಿ ನೋಡಿ. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಸಿಗುತ್ತದೆ. ಹೀಗೆ ಮುಂದೆ ಹೋದಂತೆ ಪಕ್ಕಪಕ್ಕದ ಎರಡು ಸಂಖ್ಯೆಗಳ ಅನುಪಾತ 1.618ಕ್ಕೆ ಹತ್ತಿರ ಹತ್ತಿರ ಬರುತ್ತದೆ. ಇಟಲಿಯ ಫಿಬೊನಾಚಿ ಇದೇ ಸರಣಿಯನ್ನು 1202ರಲ್ಲಿ ಬರೆದ. ಅದಕ್ಕೆ ಎಷ್ಟೋ ಮೊದಲೇ ನಮ್ಮ ಛಂದಶ್ಶಾಸ್ತ್ರದ ವಿರಹಾಂಕನೂ, 1150ರ ಸುಮಾರಿಗೆ ಗುಜರಾತಿನ ಹೇಮಚಂದ್ರನೂ ಇದನ್ನು ಹೇಳಿದ್ದರು. ಸೂರ್ಯಕಾಂತಿಯ ಬೀಜಗಳ ಸುರುಳಿಗಳನ್ನು ಎಣಿಸಿದರೂ 34, 55 ಎಂಬ ಇದೇ ಸರಣಿಯ ಸಂಖ್ಯೆಗಳು ಸಿಗುವುದುಂಟು. ಅಲ್ಲೆಲ್ಲ ಅದು ಎಣಿಕೆಯಿಂದಲೋ ಬೆಳವಣಿಗೆಯಿಂದಲೋ ಹುಟ್ಟಿದ್ದು. ನಾನು ಮಾಡಿದ ತಪ್ಪೆಂದರೆ, ಒಂದು ಕಡೆ ಹುಟ್ಟಿದ್ದನ್ನು ಇನ್ನೊಂದು ಕಡೆ ಕಟ್ಟಳೆಯಾಗಿ ಹೇರಿದ್ದು.

ಇದೆಲ್ಲ ತಿಳಿಯುವ ಹೊತ್ತಿಗೆ ಆ ಹುಡುಗಿ ಹತ್ತನೆಯದು ಮುಗಿಸಿ ಶಾಲೆ ಬಿಟ್ಟಾಗಿತ್ತು. ಒಂದು ಭಾನುವಾರ ಅವಳ ಮನೆ ಹುಡುಕಿಕೊಂಡು ಹೋದೆ. ಹುಡುಗಿ ಇರಲಿಲ್ಲ. ತಾಯಿ ಲೇತಿನ ಮುಂದೆ ಕುಳಿತಿದ್ದಳು. ನನ್ನ ಚೀಲದಿಂದ ಭರಣಿ ತೆಗೆದದ್ದೇ, “ಇದು ನಂದೇ ಕೈದು” ಎಂದು ಗುರುತು ಹಿಡಿದಳು. ಮುಚ್ಚಳದ ಎತ್ತರವನ್ನು ಹೇಗೆ ನಿಶ್ಚಯಿಸುತ್ತೀರಿ ಎಂದು ಕೇಳಿದೆ. ಅವಳು ಉಳಿಯನ್ನು ಕೆಳಗಿಟ್ಟು, ಮೂರು ಬೆರಳು ಜೋಡಿಸಿ ಮರದ ಮೇಲಿಟ್ಟು ತೋರಿಸಿದಳು. ತಳಕ್ಕೆ ಎಷ್ಟು ಎಂದೆ. ಅಂಗೈಯನ್ನು ಬಟ್ಟಲಿನಂತೆ ಮಡಿಸಿ ತೋರಿಸಿದಳು. ಆಮೇಲೆ ಸಂಕೋಚದಿಂದ ನಕ್ಕು ಹೇಳಿದಳು: “ನಮ್ದು ಲೆಕ್ಕ ಇಲ್ಲದ ಕೆಲ್ಸ ಅಂತ ಮಗಳು ಹೇಳಿದ್ಲು ಮೇಡಂ. ಸ್ಕೂಲಲ್ಲಿ ಅಳೆದು ನೋಡಿದ್ರಂತೆ.”

ಆ ಮಾತಿಗೆ ನನ್ನಲ್ಲಿ ತಟ್ಟನೆ ಉತ್ತರವಿರಲಿಲ್ಲ. ನಾಲ್ಕು ಅಂಕದ ಮಾತು ಹೇಗೋ ಆಗುತ್ತಿತ್ತು. ತಾಯಿಯ ಕೈಯಲ್ಲಿ ಲೆಕ್ಕವಿಲ್ಲವೆಂದು ಮಗಳು ನಂಬಿದಳಲ್ಲ, ಅದನ್ನು ನಂಬಿಸಿದವಳು ನಾನು. ಅಳೆದವಳು ನಾನೇ ಎಂದೆ. ಅಳೆದದ್ದು ತಪ್ಪೆಂದೂ ಹೇಳಿದೆ. ಮೂರು ಬೆರಳೂ ಲೆಕ್ಕವೇ, ಅಂಗೈಯೂ ಲೆಕ್ಕವೇ, ದೇವಸ್ಥಾನ ಕಟ್ಟಿದವರದ್ದೂ ಇದೇ ಜಾತಿಯ ಲೆಕ್ಕ ಎಂದು ಬಿಡಿಸಿ ಹೇಳಿದೆ. ಅವಳು ತಲೆಯಾಡಿಸಿ, ಕಾಫಿ ಮಾಡಲು ಎದ್ದಳು. ಮಗಳು ಕಾಮರ್ಸ್ ಓದುತ್ತಿದ್ದಾಳೆ, ಲೇತು ಮುಟ್ಟುವುದಿಲ್ಲ ಎಂದು ಒಳಗಿನಿಂದಲೇ ಹೇಳಿದಳು. ನನ್ನ ಮಾತಿನಿಂದಲೇ ಮುಟ್ಟುವುದಿಲ್ಲವೆಂದು ಹೇಳಲಾರೆ. ಆ ಕೆಲಸದ ಧೂಳು, ಕಡಿಮೆ ಸಂಪಾದನೆ ನಾನೂ ಬಲ್ಲೆ. ಆದರೆ ನನ್ನ ಮಾತು ಅದರಲ್ಲಿ ಸೇರಿಲ್ಲವೆಂದೂ ಹೇಳಲಾರೆ.

ಅಂದಿನಿಂದ ಪ್ರದರ್ಶನಗಳಿಗೆ ತೀರ್ಪುಗಾರಳಾಗಿ ಹೋದರೆ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ವಸ್ತುವನ್ನು ಕೈಗೆತ್ತಿಕೊಳ್ಳುತ್ತೇನೆ. ತೆರೆದು ಮುಚ್ಚುತ್ತೇನೆ, ಉರುಳಿಸುತ್ತೇನೆ, ಎತ್ತಿ ಹಿಡಿಯುತ್ತೇನೆ. ಮಾಡಿದವರನ್ನು, “ಇಲ್ಲೇಕೆ ಹೀಗೆ?” ಎಂದು ಕೇಳುತ್ತೇನೆ. ಮಕ್ಕಳು ಎಷ್ಟೊಂದು ಉತ್ತರ ಇಟ್ಟುಕೊಂಡಿರುತ್ತಾರೆಂದು ಕೇಳಿದ ಮೇಲಷ್ಟೇ ಗೊತ್ತಾಗುವುದು. ಟೇಪು ತೆಗೆಯುವುದು ಕೊನೆಗೆ, ಅದೂ ಬೇಕೆನಿಸಿದರೆ. ರಟ್ಟಿನ ಕೈವಾರವನ್ನು ಎಸೆದಿಲ್ಲ. ಗೋಡೆಪತ್ರಿಕೆಯ ಅಂಚು ಬಿಡುವಾಗ, ಮಕ್ಕಳಿಗೆ ಚಿತ್ರದ ಪುಟ ಹಂಚುವಾಗ ಇಂದಿಗೂ ಕೆಲಸಕ್ಕೆ ಬರುತ್ತದೆ.

ಓದುವ ತಂಗಿಯರೂ ಅಕ್ಕಂದಿರೂ ಇಂದು ಸಂಜೆ ನಿಮ್ಮ ಅಡುಗೆಮನೆಯ ಲಟ್ಟಣಿಗೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಅದರ ಹಿಡಿ ಎಲ್ಲಿ ತೆಳುವಾಗುತ್ತದೆ, ಎಲ್ಲಿ ಉಬ್ಬುತ್ತದೆ, ಅದು ನಿಮ್ಮ ಅಂಗೈಯ ಯಾವ ಗೆರೆಗೆ ಬಂದು ಕೂರುತ್ತದೆ ಎಂದು ಗಮನಿಸಿ. ಯಾರೋ ಒಬ್ಬರು ಅದನ್ನು ಹಾಗೆ ಎಣಿಸಿ ಕಡೆದಿದ್ದಾರೆ. ನಮ್ಮ ಮನೆಯ ಭರಣಿಯ ತಳದಲ್ಲಿ ಉಳಿ ತುಸು ಜಾರಿದ ಒಂದು ಗೆರೆ ಇದೆ. ಕುಂಕುಮ ತುಂಬುವಾಗಲೆಲ್ಲ ನನ್ನ ಹೆಬ್ಬೆರಳು ಅದಕ್ಕೆ ತಾಗುತ್ತದೆ.